2013-14ರ ಸ್ನೂಕರ್ ಸೀಸನ್ ಯಾರದ್ದು? ಡಿಂಗ್‌ದಾ, ಸೆಲ್ಬಿದಾ?

ಕಪ್ಪುಚೆಂಡು

2013-14ರ ಸೀಸನ್ ಅಂದ ತಕ್ಷಣ ಎಲ್ಲರೂ ಮಾರ್ಕ್ ಸೆಲ್ಬಿ ಹೆಸರು ಹೇಳುತ್ತಾರೆ. ಶೆಫೀಲ್ಡ್‌ನ ಕ್ರೂಸಿಬಲ್ ಥಿಯೇಟರ್‌ನಲ್ಲಿ ರಾನಿ ಓ'ಸಲಿವನ್ ಅವರನ್ನು 18-14 ಫ್ರೇಮ್‌ಗಳಿಂದ (ಪಂದ್ಯದ ಒಂದೊಂದು ಆಟವೇ ಒಂದು ಫ್ರೇಮ್) ಸೋಲಿಸಿ ವಿಶ್ವ ಚಾಂಪಿಯನ್ ಆದರಲ್ಲ, ಅದಕ್ಕೆ. ನಾನು ಇದನ್ನು ಒಪ್ಪುವುದಿಲ್ಲ. ಆ ಸೀಸನ್ ಡಿಂಗ್ ಜುನ್‌ಹುಯಿ ಅವರದ್ದು.

ಅವರು ಏನೇನು ಗೆದ್ದರು ನೋಡಿ. ಸೆಪ್ಟೆಂಬರ್‌ನಲ್ಲಿ ಶಾಂಘೈ ಮಾಸ್ಟರ್ಸ್, ಫೈನಲ್‌ನಲ್ಲಿ ತಮ್ಮದೇ ದೇಶದ ಶಿಯಾವ್ ಗುವೊಡಾಂಗ್ ವಿರುದ್ಧ 10-6. ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದು ಇಂಡಿಯನ್ ಓಪನ್ ಗೆದ್ದರು. ಅದಾದ ಮೇಲೆ ಚೆಂಗ್ಡುವಿನಲ್ಲಿ ಇಂಟರ್‌ನ್ಯಾಷನಲ್ ಚಾಂಪಿಯನ್‌ಶಿಪ್. ಅಲ್ಲಿ ಮಾರ್ಕೊ ಫು ಜೊತೆ ಕೊನೆಯ ಫ್ರೇಮ್‌ವರೆಗೂ ಹೋಗಿ 10-9. ಸಾಲಾಗಿ ಮೂರು ರ‍್ಯಾಂಕಿಂಗ್ ಟೂರ್ನಿ! ಬರ್ಲಿನ್‌ನ ಜರ್ಮನ್ ಮಾಸ್ಟರ್ಸ್‌ನಲ್ಲಿ ಜಡ್ ಟ್ರಂಪ್ ಅವರನ್ನು 9-5ರಿಂದ, ಬೀಜಿಂಗ್‌ನ ಚೀನಾ ಓಪನ್‌ನಲ್ಲಿ ನೀಲ್ ರಾಬರ್ಟ್‌ಸನ್ ಅವರನ್ನು 10-5ರಿಂದ ಸೋಲಿಸಿದರು. ಒಟ್ಟು ಐದು. ಅಲ್ಲಿಯವರೆಗೆ ಒಂದೇ ಸೀಸನ್‌ನಲ್ಲಿ ಐದು ರ‍್ಯಾಂಕಿಂಗ್ ಟೂರ್ನಿ ಗೆದ್ದಿದ್ದವರು ಸ್ಟೀಫನ್ ಹೆಂಡ್ರಿ ಒಬ್ಬರೇ, ಅದೂ 1990-91ರಲ್ಲಿ.

ಆಮೇಲೆ ಏಪ್ರಿಲ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಬಂತು. ಮೊದಲ ಸುತ್ತಿನಲ್ಲೇ ಮೈಕಲ್ ವಾಸ್ಲಿ ಎದುರು 9-10ರಿಂದ ಸೋತರು. ಆ ಒಂದು ಸೋಲಿನಿಂದ ಜನ ಇಡೀ ವರ್ಷವನ್ನೇ ಮರೆತುಬಿಟ್ಟರು. ಹದಿನೇಳು ದಿನದ ಟೂರ್ನಿ ಒಂದು ವರ್ಷದ ಆಟವನ್ನು ನುಂಗಿಹಾಕಬೇಕಾ? ನಿಮಗೇನನ್ನಿಸುತ್ತದೆ ಹೇಳಿ.

ಸೀನಣ್ಣ_ಹಾಸನ

ನುಂಗಬೇಕು ಅಂತ ಯಾರೂ ಹೇಳುತ್ತಿಲ್ಲ ಮಾರಾಯ್ರೇ. ಆದರೆ ತೂಕ ಬೇರೆ ಬೇರೆ ಅಲ್ವಾ? ದೆಹಲಿಯಲ್ಲಿ ನಾಲ್ಕು ಫ್ರೇಮ್ ಗೆದ್ದರೆ ಮುಂದಿನ ಸುತ್ತು, ಫೈನಲ್‌ಗೆ ಐದು ಸಾಕು. ಕ್ರೂಸಿಬಲ್‌ನಲ್ಲಿ ಮೊದಲ ಸುತ್ತಿಗೆ 10, ಆಮೇಲೆ 13, ಮತ್ತೆ 13, ಸೆಮಿಗೆ 17, ಫೈನಲ್‌ಗೆ 18. ಸಣ್ಣ ಮ್ಯಾಚ್‌ನಲ್ಲಿ ಒಂದು ಒಳ್ಳೆಯ ಗಂಟೆ ಸಿಕ್ಕರೆ ಗೆಲ್ಲಬಹುದು. ಫೈನಲ್‌ನಲ್ಲಿ ಎರಡು ದಿನ ಕೂರಬೇಕು. ಕೈ ನಡುಗಿದರೂ ಕೂರಬೇಕು, ಎದುರಾಳಿ ಆಡುತ್ತಿದ್ದಾಗ ಸುಮ್ನೆ ಕುರ್ಚಿಯಲ್ಲಿ ನೀರು ಕುಡಿಯುತ್ತಾ ಕೂರಬೇಕು.

ಇನ್ನು ಸೆಲ್ಬಿ ಸುಲಭವಾಗಿ ಗೆದ್ದರು ಅಂದುಕೊಳ್ಳಬೇಡಿ. ಆ ಸೀಸನ್‌ನಲ್ಲಿ ಯುಕೆ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ರಾಬರ್ಟ್‌ಸನ್‌ಗೆ 7-10ರಿಂದ ಸೋತರು. ಮಾಸ್ಟರ್ಸ್ ಫೈನಲ್‌ನಲ್ಲಿ ಓ'ಸಲಿವನ್‌ಗೆ 4-10ರಿಂದ ಸೋತರು. ವರ್ಲ್ಡ್ ಓಪನ್ ಫೈನಲ್‌ನಲ್ಲಿ ಶಾನ್ ಮರ್ಫಿಗೆ 6-10ರಿಂದ ಸೋತರು. ಮೂರು ದೊಡ್ಡ ಫೈನಲ್, ಮೂರೂ ಸೋಲು. ಬೇರೆ ಯಾರಾದರೂ ಆಗಿದ್ದರೆ ತಲೆ ಕೆಡುತ್ತಿತ್ತು. ಕ್ರೂಸಿಬಲ್‌ನಲ್ಲೂ ಮೊದಲ ಸುತ್ತೇ ಮೈಕಲ್ ವೈಟ್ ಜೊತೆ 10-9. ಡಿಂಗ್ ಸೋತದ್ದು ಒಂದು ಫ್ರೇಮ್‌ನಿಂದ, ಸೆಲ್ಬಿ ಉಳಿದದ್ದೂ ಒಂದು ಫ್ರೇಮ್‌ನಿಂದ. ಅದನ್ನು ಅದೃಷ್ಟ ಅನ್ನುವವರು ಅನ್ನಲಿ, ನಾನು ಅದನ್ನೇ ಗಟ್ಟಿತನ ಅನ್ನುತ್ತೇನೆ. ಸೆಮಿಯಲ್ಲಿ ರಾಬರ್ಟ್‌ಸನ್ ವಿರುದ್ಧ 17-15. ಫೈನಲ್‌ನಲ್ಲಿ 5-10 ಹಿಂದೆ ಇದ್ದರು. ಅಲ್ಲಿಂದ ಮುಂದಿನ 17 ಫ್ರೇಮ್‌ಗಳಲ್ಲಿ 13 ಗೆದ್ದರು! ಅದೂ ಯಾರ ಎದುರು? ಅಲ್ಲಿಯವರೆಗೆ ಆಡಿದ್ದ ಐದು ವಿಶ್ವ ಫೈನಲ್‌ಗಳಲ್ಲಿ ಐದನ್ನೂ ಗೆದ್ದಿದ್ದ ಓ'ಸಲಿವನ್ ಎದುರು.

ರಶ್ಮಿ_ಕೆ

ನಾನು ಈಗಷ್ಟೇ ಸ್ನೂಕರ್ ನೋಡಲು ಶುರು ಮಾಡಿದವಳು. ಎರಡು ಪ್ರಶ್ನೆ. ರ‍್ಯಾಂಕಿಂಗ್ ಟೂರ್ನಿ ಅಂದರೆ ಏನು, ಮಾಸ್ಟರ್ಸ್ ಯಾಕೆ ಅದರಲ್ಲಿ ಸೇರುವುದಿಲ್ಲ? ಮತ್ತೆ 147 ಅಂತ ಎಲ್ಲರೂ ಹೇಳುತ್ತಾರಲ್ಲ, ಅದರ ಲೆಕ್ಕ ಹೇಗೆ?

ಕಪ್ಪುಚೆಂಡು

ರಶ್ಮಿ ಅವರೇ, ಟೂರ್‌ನಲ್ಲಿರುವ ಎಲ್ಲ ವೃತ್ತಿಪರ ಆಟಗಾರರೂ ಸೇರಬಹುದಾದ, ರ‍್ಯಾಂಕ್ ಪಟ್ಟಿಗೆ ಲೆಕ್ಕಕ್ಕೆ ಬರುವ ಟೂರ್ನಿಗಳೇ ರ‍್ಯಾಂಕಿಂಗ್ ಟೂರ್ನಿ. ಮಾಸ್ಟರ್ಸ್‌ಗೆ ಅಗ್ರ 16 ಜನರಿಗೆ ಮಾತ್ರ ಆಹ್ವಾನ. ಹಣ, ಹೆಸರು ಎರಡೂ ದೊಡ್ಡದು, ಆದರೆ ರ‍್ಯಾಂಕ್‌ಗೆ ಸೇರದು.

147 ಅಂದರೆ ಎದುರಾಳಿಗೆ ಸರದಿ ಕೊಡದೆ ಎಲ್ಲ ಚೆಂಡುಗಳನ್ನೂ ಹಾಕಿದರೆ ಸಿಗುವ ಗರಿಷ್ಠ ಅಂಕ. ಲೆಕ್ಕ ಸುಲಭ. 15 ಕೆಂಪು ಚೆಂಡು, ಪ್ರತಿ ಕೆಂಪಿಗೆ 1. ಒಂದೊಂದು ಕೆಂಪಿನ ನಂತರವೂ ಕಪ್ಪನ್ನೇ ಹಾಕಿದರೆ 7. ಅಂದರೆ 15 ಸಲ 8, ಒಟ್ಟು 120. ಕೊನೆಗೆ ಹಳದಿಯಿಂದ ಕಪ್ಪಿನವರೆಗೆ ಆರು ಬಣ್ಣಕ್ಕೆ 27. ಸೇರಿಸಿದರೆ 147.

ಈಗ ನಿಮ್ಮ ಮೊದಲ ಪ್ರಶ್ನೆ ಇನ್ನೊಂದು ಮುಖ್ಯ ವಿಷಯಕ್ಕೆ ಬಾಗಿಲು ತೆಗೆಯಿತು. ಆ ಸೀಸನ್‌ನಲ್ಲೇ ಫ್ಲಾಟ್ ಡ್ರಾ ಬಂದದ್ದು. ಅದಕ್ಕೆ ಮುಂಚೆ ಅಗ್ರ 16 ಜನ ನೇರವಾಗಿ ಮುಖ್ಯ ಸುತ್ತಿಗೆ ಬರುತ್ತಿದ್ದರು. ಪಟ್ಟಿಯ ತಳದಲ್ಲಿದ್ದವರು ಅಲ್ಲಿಗೆ ತಲುಪಲು ಅರ್ಹತಾ ಸುತ್ತುಗಳನ್ನು ಒಂದರ ಮೇಲೊಂದು ಗೆಲ್ಲಬೇಕಿತ್ತು. 2013-14ರಿಂದ ಬಹಳಷ್ಟು ಟೂರ್ನಿಗಳಲ್ಲಿ 128 ಜನರೂ ಮೊದಲ ಸುತ್ತಿನಿಂದಲೇ ಶುರು. ವಿಶ್ವ ಚಾಂಪಿಯನ್ನಿಗೂ ಅದೇ, ಹೊಸಬನಿಗೂ ಅದೇ. ಯಾರ್ಕ್‌ನ ಯುಕೆ ಚಾಂಪಿಯನ್‌ಶಿಪ್‌ನಲ್ಲಿ 128 ಜನರೂ ಬಾರ್ಬಿಕನ್ ಸಭಾಂಗಣದಲ್ಲೇ ಮೊದಲ ಸುತ್ತು ಆಡಿದರು. ವಿಶ್ವ ಚಾಂಪಿಯನ್‌ಶಿಪ್, ಶಾಂಘೈ ಮಾಸ್ಟರ್ಸ್‌ನಂಥ ಕೆಲವು ಮಾತ್ರ ಹಳೆಯ ಪದ್ಧತಿಯಲ್ಲೇ ಉಳಿದವು. ಹೀಗೆ ಬಹಳಷ್ಟು ಕಡೆ ಎಲ್ಲರೂ ಒಂದೇ ಗೆರೆಯಿಂದ ಓಡಿದ ವರ್ಷದಲ್ಲಿ ಡಿಂಗ್ ಐದು ಗೆದ್ದರು. ನನಗೆ ಇದೇ ಜಾಸ್ತಿ ದೊಡ್ಡದು ಅನ್ನಿಸುವುದು.

ವಸಂತನಗರ_ಕ್ಯೂ

ಎಲ್ಲರೂ ಶೆಫೀಲ್ಡ್, ಬೀಜಿಂಗ್ ಅಂತಿದ್ದೀರಿ, ದೆಹಲಿಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ. ನನಗೆ ಬೇಜಾರಾಯಿತು.

ಅಕ್ಟೋಬರ್ 2013. ಭಾರತದಲ್ಲಿ ಮೊದಲ ಸಲ ವೃತ್ತಿಪರ ರ‍್ಯಾಂಕಿಂಗ್ ಟೂರ್ನಿ. ಸ್ನೂಕರ್ ಹುಟ್ಟಿದ್ದೇ ಈ ದೇಶದಲ್ಲಿ, ಜಬಲ್‌ಪುರದ ಸೇನಾ ಮೆಸ್ಸಿನಲ್ಲಿ 1875ರಲ್ಲಿ ಅಂತ ಹೇಳುತ್ತಾರೆ. ಊಟಿ ಕ್ಲಬ್ಬಿನ ಗೋಡೆ ಮೇಲೆ ನಿಯಮ ಬರೆದು ಹಾಕಿದ್ದರು ಅಂತ ಇಂದಿಗೂ ಹೆಮ್ಮೆಯಿಂದ ತೋರಿಸುತ್ತಾರೆ. ಆ ದೇಶಕ್ಕೆ ರ‍್ಯಾಂಕಿಂಗ್ ಟೂರ್ನಿ ಬರಲು ಇಷ್ಟು ವರ್ಷ ಬೇಕಾಯಿತು.

ಬಂದಾಗ ಏನಾಯಿತು ನೋಡಿ. ಕ್ವಾರ್ಟರ್‌ಫೈನಲ್‌ನಲ್ಲಿ ಇಬ್ಬರು ಭಾರತೀಯರು ಎದುರೆದುರು! ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಒಂದು ಕಡೆ, ಮುಂಬೈನ ಆದಿತ್ಯ ಮೆಹ್ತಾ ಇನ್ನೊಂದು ಕಡೆ. ಡಿಸೈಡರ್ ಅಂದರೆ ಕೊನೆಯ ನಿರ್ಣಾಯಕ ಫ್ರೇಮ್‌ವರೆಗೂ ಹೋಗಿ ಮೆಹ್ತಾ 4-3ರಿಂದ ಗೆದ್ದರು. ಸೆಮಿಯಲ್ಲಿ ಸ್ಕಾಟ್ಲೆಂಡ್‌ನ ಸ್ಟೀಫನ್ ಮಗ್ವೈರ್ ಎದುರು ಮತ್ತೆ 4-3. ರ‍್ಯಾಂಕಿಂಗ್ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಮೆಹ್ತಾ. ಫೈನಲ್‌ನಲ್ಲಿ ಡಿಂಗ್ 5-0 ಮಾಡಿದರು, ಅದು ನಿಜ. ಆದರೆ ಆ ಸ್ಕೋರ್ ನೋಡಿ ಏಕಪಕ್ಷೀಯ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಮೆಹ್ತಾ ಅದೇ ವರ್ಷ ಕೊಲಂಬಿಯಾದ ಕಾಲಿಯಲ್ಲಿ ವರ್ಲ್ಡ್ ಗೇಮ್ಸ್ ಚಿನ್ನ ಗೆದ್ದು ಬಂದಿದ್ದ ಆಟಗಾರ. ಫೈನಲ್‌ನಲ್ಲಿ ಚೀನಾದ ಲಿಯಾಂಗ್ ವೆನ್‌ಬೋ ಅವರನ್ನು ಸೋಲಿಸಿದ್ದರು.

ಪಂಕಜ್ ಬಗ್ಗೆಯೂ ಹೇಳಬೇಕು. 2012-13ರಲ್ಲಿ ವೃತ್ತಿಪರ ಟೂರ್‌ಗೆ ಹೋದರು. 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್‌ಫೈನಲ್‌ವರೆಗೆ ಬಂದರು. ರ‍್ಯಾಂಕಿಂಗ್ ಟೂರ್ನಿಯಲ್ಲಿ ಅಲ್ಲಿಯವರೆಗೆ ಯಾವ ಭಾರತೀಯನೂ ಅಷ್ಟು ದೂರ ಹೋಗಿರಲಿಲ್ಲ. ದಾರಿಯಲ್ಲಿ ಶಾನ್ ಮರ್ಫಿ ಅವರನ್ನೂ ಸೋಲಿಸಿದ್ದರು. ಹೋದದ್ದು ಬಿಲಿಯರ್ಡ್ಸ್ ಬಿಟ್ಟುಕೊಟ್ಟಲ್ಲ, ಅದನ್ನೂ ಆಡುತ್ತಲೇ. ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಂದೇ ಟೇಬಲ್ ಮೇಲೆ ಆಡುವುದಾದರೂ ಕೈ, ಲೆಕ್ಕಾಚಾರ, ತಾಳ್ಮೆ ಎಲ್ಲ ಬೇರೆ. ಇವತ್ತು ಇದು, ನಾಳೆ ಅದು ಅಂತ ಬದಲಾಯಿಸಿ ಎರಡರಲ್ಲೂ ಮೇಲಿರುವುದು ಎಷ್ಟು ಕಷ್ಟ ಅಂತ ಒಂದು ಸಲ ಎರಡನ್ನೂ ಆಡಿ ನೋಡಿದವರಿಗೆ ಗೊತ್ತು.

ಮೆಲ್ಬರ್ನ್_ಮಂಜು

ಡಿಂಗ್, ಸೆಲ್ಬಿ ಇಬ್ಬರನ್ನೂ ಒಂದು ನಿಮಿಷ ಪಕ್ಕಕ್ಕಿಡಿ. ನಾನಿರುವ ಊರಿನ ಹುಡುಗ ನೀಲ್ ರಾಬರ್ಟ್‌ಸನ್. ಆ ಸೀಸನ್‌ನಲ್ಲಿ ಅವರು ಹೊಡೆದದ್ದು 103 ಸೆಂಚುರಿ, ಅಂದರೆ ಒಂದೇ ಸರದಿಯಲ್ಲಿ ನೂರು ಅಥವಾ ಹೆಚ್ಚು ಅಂಕ. ಅದಕ್ಕೆ ಹಿಂದಿನ ದಾಖಲೆ ಟ್ರಂಪ್ ಅವರ 61. ಸ್ವಲ್ಪ ದಾಟಿದ್ದಲ್ಲ, ಎಲ್ಲಿಂದ ಎಲ್ಲಿಗೋ ಹಾರಿದ್ದು. ನೂರನೆಯದು ಬಂದದ್ದು ಕ್ರೂಸಿಬಲ್‌ನಲ್ಲೇ, ಕ್ವಾರ್ಟರ್‌ಫೈನಲ್‌ನಲ್ಲಿ, ಆ ಹಳೆಯ ದಾಖಲೆ ಇದ್ದ ಟ್ರಂಪ್ ಅವರ ಎದುರಿಗೇ. ಆ ಮ್ಯಾಚ್ 13-11ರಿಂದ ಗೆದ್ದರು.

ಬರೀ ಸೆಂಚುರಿ ಅಲ್ಲ. ವೂಷಿ ಕ್ಲಾಸಿಕ್‌ನಲ್ಲಿ ಜಾನ್ ಹಿಗಿನ್ಸ್ ಅವರನ್ನು 10-7ರಿಂದ ಸೋಲಿಸಿ ಸೀಸನ್ ಶುರು ಮಾಡಿದರು. ಯುಕೆ ಗೆದ್ದಾಗ ವಿಶ್ವ ಚಾಂಪಿಯನ್‌ಶಿಪ್, ಮಾಸ್ಟರ್ಸ್, ಯುಕೆ ಮೂರೂ ಅವರ ಹೆಸರಿಗೆ ಬಂತು. ಬ್ರಿಟನ್ ಹೊರಗಿನವರಲ್ಲಿ ಅಲ್ಲಿಯವರೆಗೆ ಯಾರೂ ಇದನ್ನು ಮಾಡಿರಲಿಲ್ಲ. ಬೆಂಡಿಗೋದಲ್ಲಿ ತಮ್ಮ ಮನೆ ಜನರ ಮುಂದೆ ಗೋಲ್ಡ್‌ಫೀಲ್ಡ್ಸ್ ಓಪನ್ ಫೈನಲ್‌ನಲ್ಲಿ ಫು ಎದುರು ಸೋತದ್ದು ಮಾತ್ರ ಇಲ್ಲಿಯವರಿಗೆ ತುಂಬಾ ನೋವಾಯಿತು.

ಸೀನಣ್ಣ_ಹಾಸನ

ಮಂಜು, 103 ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಆ ಹೊತ್ತಿಗೆ ಟೂರ್ನಿಗಳ ಸಂಖ್ಯೆ ಎಷ್ಟಾಗಿತ್ತು ನೋಡಿ. ಯುರೋಪಿನಲ್ಲಿ, ಏಷ್ಯಾದಲ್ಲಿ ಸಣ್ಣ ಸಣ್ಣ ಟೂರ್ನಿಗಳು, ವಾರಕ್ಕೊಂದು ಊರು. ಹೆಂಡ್ರಿ ಕಾಲದಲ್ಲಿ ಇಷ್ಟು ಮ್ಯಾಚ್ ಎಲ್ಲಿತ್ತು? ಡಿಂಗ್ ಅವರ ಐದಕ್ಕೂ ಇದೇ ಮಾತು. 1990-91ರಲ್ಲಿ ಐದು ಗೆಲ್ಲಬೇಕಾದರೆ ಇದ್ದ ಕೆಲವೇ ಅವಕಾಶಗಳಲ್ಲಿ ಗೆಲ್ಲಬೇಕಿತ್ತು. ಆಮೇಲೆ 2019-20ರಲ್ಲಿ ಟ್ರಂಪ್ ಆರು ಗೆದ್ದರಲ್ಲ, ಆಗಲೂ ಇದನ್ನೇ ಹೇಳಿದ್ದೆ.

ಮೆಲ್ಬರ್ನ್_ಮಂಜು

ಸೀನಣ್ಣ, ಮ್ಯಾಚ್ ಜಾಸ್ತಿ ಅಂದರೆ ಸುಸ್ತೂ ಜಾಸ್ತಿ. ವಿಮಾನ, ಹೋಟೆಲ್, ಊರೂರಿಗೆ ಬೇರೆ ಬೇರೆ ಟೇಬಲ್. ಮೇಲಾಗಿ ಅಷ್ಟೇ ಮ್ಯಾಚ್ ಬೇರೆಯವರಿಗೂ ಸಿಕ್ಕಿತ್ತು ತಾನೇ? 103 ಒಬ್ಬರೇ ಹೊಡೆದದ್ದು. ಆ ಸಂಖ್ಯೆಯನ್ನು ದಾಟಲು ಟ್ರಂಪ್‌ಗೆ 2024-25ರವರೆಗೆ ಕಾಯಬೇಕಾಯಿತು.

ಸೇಫ್ಟಿ_ಶಾಟ್

ಓ'ಸಲಿವನ್ ಬಗ್ಗೆ ಯಾರೂ ಸರಿಯಾಗಿ ಮಾತಾಡಿಲ್ಲ. ಆಯ್ದ ಟೂರ್ನಿಗಳನ್ನಷ್ಟೇ ಆಡಿದರು, ಆದರೂ ಆಡಿದ ಕಡೆ ಎಲ್ಲರನ್ನೂ ಬೆಚ್ಚಿಬೀಳಿಸಿದರು. ಕೊವೆಂಟ್ರಿಯಲ್ಲಿ ಚಾಂಪಿಯನ್ ಆಫ್ ಚಾಂಪಿಯನ್ಸ್ ಗೆದ್ದರು. ಜನವರಿಯ ಮಾಸ್ಟರ್ಸ್‌ನಲ್ಲಿ ರಿಕಿ ವಾಲ್ಡನ್ ವಿರುದ್ಧ 6-0. ಆ ಮ್ಯಾಚ್‌ನಲ್ಲಿ ಎದುರಾಳಿಗೆ ಒಂದೂ ಅಂಕ ಕೊಡದೆ ಸತತ 556 ಅಂಕ ಗಳಿಸಿದರು. ವಾಲ್ಡನ್ ಸಾಮಾನ್ಯ ಆಟಗಾರ ಅಲ್ಲ, ಅಗ್ರ 16ರಲ್ಲಿದ್ದವರು. ಅವರಿಗೆ ಹಾಗೆ ಮಾಡುವುದು ಅಂದರೆ ಏನು!

ಇನ್ನು ಮಾರ್ಚ್ 2014, ನ್ಯೂಪೋರ್ಟ್, ವೆಲ್ಷ್ ಓಪನ್ ಫೈನಲ್. ಎದುರಿಗೆ ಇದ್ದವರು ಇದೇ ಡಿಂಗ್. 8-3 ಮುಂದಿದ್ದರು. ಒಂದೇ ಫ್ರೇಮ್ ಬೇಕಿತ್ತು. ಆ ಫ್ರೇಮ್‌ನಲ್ಲಿ 147 ಹೊಡೆದು ಪಂದ್ಯ ಮುಗಿಸಿದರು. ಅದು ಅವರ 12ನೇ ಅಧಿಕೃತ ಮ್ಯಾಕ್ಸಿಮಮ್, ಹೆಂಡ್ರಿ ಅವರ 11ನ್ನು ದಾಟಿದ್ದು ಆ ಚೆಂಡಿನಿಂದ. ಆ ಸೀಸನ್‌ನಲ್ಲಿ ಡಿಂಗ್ ಆರು ರ‍್ಯಾಂಕಿಂಗ್ ಫೈನಲ್ ತಲುಪಿದರು, ಸೋತದ್ದು ಇದೊಂದೇ. ಸ್ವಲ್ಪ ಬೇರೆ ದಿನ ಆಗಿದ್ದರೆ ಆರಕ್ಕೆ ಆರೂ ಅವರದ್ದೇ ಆಗುತ್ತಿತ್ತೇನೋ.

ರಶ್ಮಿ_ಕೆ

ಈ 147 ಈಗ ನೋಡಿದೆ. ಕೆಂಪು ಚೆಂಡು ಹಾಕುವಾಗಲೇ ಬಿಳಿ ಚೆಂಡು ಮುಂದೆ ಎಲ್ಲಿ ನಿಲ್ಲಬೇಕು ಅಂತ ಅವರಿಗೆ ಗೊತ್ತಿರುವುದು ನೋಡಿದರೆ ಆಶ್ಚರ್ಯ. ಒಂದು ಕಡೆಯೂ ಆತುರ ಕಾಣಲಿಲ್ಲ, ಆದರೂ ಎಷ್ಟು ಬೇಗ ಮುಗಿಯಿತು!

ಸೆಲ್ಬಿ-ಓ'ಸಲಿವನ್ ಫೈನಲ್‌ನ ಸ್ವಲ್ಪ ಭಾಗವನ್ನೂ ನೋಡಿದೆ. ಸೆಲ್ಬಿ ಆಟ ಬೇಸರ ಅಂತ ಕೆಲವರು ಬರೆದಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ನಾನು ತಪ್ಪು ನೋಡುತ್ತಿದ್ದೇನಾ?

ಸೀನಣ್ಣ_ಹಾಸನ

ತಪ್ಪಿಲ್ಲ ತಂಗಿ, ಸರಿಯಾಗಿಯೇ ನೋಡುತ್ತಿದ್ದೀರಿ. ಸೆಲ್ಬಿ ಬೇಸರ ಅನ್ನುವವರು ಚೆಂಡು ಜೇಬಿಗೆ ಬೀಳುವುದನ್ನು ಮಾತ್ರ ಆಟ ಅಂದುಕೊಂಡವರು. ಓ'ಸಲಿವನ್‌ಗೆ ಲಯ ಸಿಕ್ಕರೆ ಯಾರೂ ತಡೆಯಲಾರರು, ಹಾಗಾಗಿ ಸೆಲ್ಬಿ ಆ ಲಯ ಸಿಗದಂತೆ ನೋಡಿಕೊಂಡರು. ಬಿಳಿ ಚೆಂಡನ್ನು ಮತ್ತೆ ಮತ್ತೆ ಬಾಲ್ಕ್ ಕುಶನ್‌ಗೆ, ಅಂದರೆ ಆಟ ಶುರು ಮಾಡುವ ತುದಿಯ ಅಂಚಿಗೆ ಅಂಟಿಸಿ ಇಟ್ಟರು. ಕೆಂಪು ಚೆಂಡುಗಳೆಲ್ಲ ಇನ್ನೊಂದು ತುದಿಯಲ್ಲಿ. ಅಲ್ಲಿಂದ ಹೊಡೆದರೆ ಅಪಾಯ, ಹೊಡೆಯದಿದ್ದರೆ ಮತ್ತೆ ಸೇಫ್ಟಿ, ಅಂದರೆ ಎದುರಾಳಿಗೆ ಅವಕಾಶ ಸಿಗದಂತೆ ಚೆಂಡು ಇಡುವ ಆಟ. ಹಳ್ಳಿಯಲ್ಲಿ ಚೌಕಾಬಾರಾ ಆಡುವಾಗ ಎದುರಿನವನ ಕಾಯಿ ಹಣ್ಣಾಗದಂತೆ ದಾರಿ ಕಾಯುವ ಅಜ್ಜಿಯರಿರುತ್ತಾರಲ್ಲ, ಹಾಗೆ. ಮೊದಲ ದಿನ 5-10 ಇದ್ದದ್ದನ್ನು ರಾತ್ರಿ ಮುಗಿಯುವ ಹೊತ್ತಿಗೆ 7-10 ಮಾಡಿಕೊಂಡರು ನೋಡಿ, ನನ್ನ ಪ್ರಕಾರ ಪಂದ್ಯ ತಿರುಗಿದ್ದು ಅಲ್ಲೇ. 5-12 ಆಗಿ ಮಲಗಲು ಹೋಗುವುದಕ್ಕೂ 7-10 ಆಗಿ ಹೋಗುವುದಕ್ಕೂ ತುಂಬಾ ವ್ಯತ್ಯಾಸ.

ಹುಬ್ಬಳ್ಳಿ_ಪಾಟರ್

ಎಲ್ಲರೂ ಗೆದ್ದವರ ಕಥೆ ಹೇಳಾಕತ್ತೀರಿ. ನಾನು ಸೋತವರ ಬಗ್ಗೆ ಒಂದು ಮಾತು ಹೇಳುತ್ತೇನೆ. ಫ್ಲಾಟ್ ಡ್ರಾ ಎಲ್ಲರಿಗೂ ಸಮಾನ ಅಂತ ಮೇಲೆ ಬರೆದಿದ್ದಾರೆ. ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಮೊದಲ ಸುತ್ತಿನಲ್ಲಿ ಸೋತವರಿಗೆ ಕೈಗೆ ಕಾಸು ಬರುತ್ತಿರಲಿಲ್ಲ. ರ‍್ಯಾಂಕಿನಲ್ಲಿ 100ರ ಆಚೆ ಇರುವ ಹುಡುಗ, ಮೊದಲ ಸುತ್ತಿನಲ್ಲೇ ಅಗ್ರ ಆಟಗಾರನ ಎದುರು ಬೀಳುತ್ತಾನೆ. ಪ್ರಯಾಣ, ವಸತಿ, ಊಟ ಎಲ್ಲ ಅವನದೇ ಖರ್ಚು. ಸೋತರೆ ಬರಿಗೈ. ಹಳೆಯ ಪದ್ಧತಿಯಲ್ಲಿ ತನ್ನ ಮಟ್ಟದವರ ಜೊತೆ ಆಡಿ ಒಂದೆರಡು ಮ್ಯಾಚ್ ಗೆದ್ದು ಸ್ವಲ್ಪ ದುಡಿಯುವ ದಾರಿ ಇತ್ತು.

ಭಾರತದವರಿಗೆ ಇನ್ನೂ ಕಷ್ಟ. ಬೇರೆ ದೇಶದಲ್ಲಿ ನಡೆಯುವ ಎಷ್ಟೋ ಟೂರ್ನಿಗಳ ಮೊದಲ ಸುತ್ತುಗಳೂ ಇಂಗ್ಲೆಂಡ್‌ನಲ್ಲೇ ನಡೆಯುತ್ತಿದ್ದವು. ಅಂದರೆ ಚೀನಾದ ಟೂರ್ನಿ ಆಡಬೇಕಾದರೂ ಮೊದಲು ಇಂಗ್ಲೆಂಡ್‌ಗೆ ಹೋಗಬೇಕು. ಅಲ್ಲೇ ಮನೆ ಮಾಡಿ ಇರಬೇಕು, ಇಲ್ಲವೇ ವಿಮಾನಕ್ಕೆ ಸುರಿಯುತ್ತಲೇ ಇರಬೇಕು. ನಮ್ಮವರು ಅಲ್ಲಿ ನಿಲ್ಲಲಿಲ್ಲ ಅಂತ ದೂರುವವರು ಈ ಲೆಕ್ಕ ಹಾಕಬೇಕು.

ಅದೇ ಸೆಪ್ಟೆಂಬರ್‌ನಲ್ಲಿ ಸ್ಟೀಫನ್ ಲೀ ಅವರಿಗೆ ಮ್ಯಾಚ್ ಫಿಕ್ಸಿಂಗ್‌ಗಾಗಿ 12 ವರ್ಷದ ನಿಷೇಧ ಬಿತ್ತು. ತಪ್ಪು ತಪ್ಪೇ, ಅದಕ್ಕೆ ಕ್ಷಮೆ ಬೇಡ. ಆದರೆ ಮೇಲಿನ 20 ಜನರ ಹತ್ತಿರ ಮಾತ್ರ ಹಣ ಸೇರಿದರೆ ಕೆಳಗಿನವರ ಬಾಗಿಲಿಗೆ ಇಂಥ ಆಸೆ ಬರುವುದು ಸುಲಭ ಆಗುತ್ತದೆ ಅಂತ ನನ್ನ ಅಭಿಪ್ರಾಯ.

ವಸಂತನಗರ_ಕ್ಯೂ

ಹುಬ್ಬಳ್ಳಿಯವರು ಹೇಳಿದ್ದು ಪೂರ್ತಿ ಸರಿ. ಪಂಕಜ್ 2014ರಲ್ಲಿ ಟೂರ್ ಬಿಟ್ಟು ಬೆಂಗಳೂರಿಗೆ ಬಂದಾಗ "ಸೋತು ಬಂದರು" ಅಂತ ಬರೆದವರಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲೀಡ್ಸ್‌ನಲ್ಲಿ ವಿಶ್ವ ಬಿಲಿಯರ್ಡ್ಸ್‌ನ ಪಾಯಿಂಟ್ಸ್ (ನಿಗದಿತ ಅಂಕ) ಮತ್ತು ಟೈಮ್ (ನಿಗದಿತ ಸಮಯ) ಎರಡೂ ಮಾದರಿ ಗೆದ್ದರು. ಸೋತು ಬಂದ ಮನುಷ್ಯ ಹಾಗೆ ಆಡುತ್ತಾನಾ?

ಕಪ್ಪುಚೆಂಡು

ಡಿಂಗ್ ಬಗ್ಗೆ ಇನ್ನೊಂದು ಮಾತು ಹೇಳದೆ ಇರಲಾರೆ. 2005ರಲ್ಲಿ 18 ವರ್ಷಕ್ಕೆ ಬೀಜಿಂಗ್‌ನಲ್ಲಿ ಹೆಂಡ್ರಿ ಅವರನ್ನು 9-5ರಿಂದ ಸೋಲಿಸಿ ಚೀನಾ ಓಪನ್ ಗೆದ್ದ ಹುಡುಗ. ಅವತ್ತಿನಿಂದ ಇಡೀ ದೇಶದ ಕಣ್ಣು ಒಬ್ಬರ ಮೇಲೆ. ಅವರು ಕ್ರೂಸಿಬಲ್‌ಗೆ ಹೋದಾಗಲೆಲ್ಲ ಪ್ರಶ್ನೆ ಒಂದೇ, ಈ ಸಲ ಆದರೂ ವಿಶ್ವ ಕಿರೀಟ ಬರುತ್ತದಾ ಅಂತ. ಐದು ಟೂರ್ನಿ ಗೆದ್ದು ಬಂದ ವರ್ಷ ಆ ಭಾರ ಇನ್ನೂ ಹೆಚ್ಚಾಗಿತ್ತು. ವಾಸ್ಲಿಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ, ಧೈರ್ಯವಾಗಿ ಹೊಡೆದರು, ಗೆದ್ದರು. ಅವರ ಗೆಲುವನ್ನು ನಾನು ಸಣ್ಣದು ಮಾಡುವುದಿಲ್ಲ.

2016ರಲ್ಲಿ ಡಿಂಗ್ ವಿಶ್ವ ಫೈನಲ್ ತಲುಪಿದರು. ಸೋತದ್ದು ಮತ್ತೆ ಇದೇ ಸೆಲ್ಬಿಗೆ, ಸ್ಕೋರೂ ಅದೇ 18-14. ಕೊನೆಗೆ ಚೀನಾಕ್ಕೆ ಆ ಕಿರೀಟ ತಂದವರು ಜಾವ್ ಶಿನ್‌ಟಾಂಗ್, 2025ರಲ್ಲಿ, ಮಾರ್ಕ್ ವಿಲಿಯಮ್ಸ್ ಅವರನ್ನು 18-12ರಿಂದ ಸೋಲಿಸಿ. ಜಾವ್ ಅವರಂಥವರು ಕ್ಯೂ ಹಿಡಿದದ್ದೇ ಡಿಂಗ್ ಅವರನ್ನು ನೋಡಿ ಬೆಳೆದ ಊರುಗಳಲ್ಲಿ.

ವಸಂತನಗರ_ಕ್ಯೂ

ಜಾವ್ ಹೆಸರು ಬಂತಲ್ಲ, ಇದನ್ನೂ ಸೇರಿಸಿಕೊಳ್ಳಿ. 2015ರ ಐಬಿಎಸ್‌ಎಫ್ (ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟ) ವಿಶ್ವ ಸ್ನೂಕರ್ ಫೈನಲ್, ಈಜಿಪ್ಟ್‌ನ ಹುರ್ಗಡಾ. ಅಲ್ಲಿ ಇದೇ ಜಾವ್ ಶಿನ್‌ಟಾಂಗ್ ಅವರನ್ನು ಸೋಲಿಸಿ ಚಿನ್ನ ಗೆದ್ದವರು ನಮ್ಮ ಪಂಕಜ್. ಅದರ ಹಿಂದಿನ ವರ್ಷ, ಅಂದರೆ ನಾವು ಮಾತಾಡುತ್ತಿರುವ ಸೀಸನ್ ಮುಗಿದ ಕೆಲವೇ ತಿಂಗಳಿಗೆ, ಅದೇ ಐಬಿಎಸ್‌ಎಫ್ ಟೂರ್ನಿ ಬೆಂಗಳೂರಿನಲ್ಲೇ ನಡೆದಿತ್ತು. ಗೆದ್ದವನು 14 ವರ್ಷದ ಯಾನ್ ಬಿಂಗ್‌ಟಾವ್. ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್ ಎದುರು 8-7. ಡಿಂಗ್ ನಂತರದ ಚೀನಾ ಎಷ್ಟು ಸಿದ್ಧವಾಗಿತ್ತು ಅಂತ ನಮ್ಮ ಊರಿನವರು ಕಣ್ಣಾರೆ ನೋಡಿದರು.

ನಮ್ಮಲ್ಲಿ ಪ್ರತಿಭೆಗೆ ಕೊರತೆ ಇಲ್ಲ. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಅಸೋಸಿಯೇಷನ್ ಇದೆ, ಅರವಿಂದ್ ಸಾವೂರ್ ಅವರಂಥ ಗುರುಗಳು ಪಂಕಜ್ ಅವರನ್ನು ಬೆಳೆಸಿದ ಊರು ಇದು. ಆದರೆ 18-19 ವರ್ಷದ ಹುಡುಗನನ್ನು ಮೂರ್ನಾಲ್ಕು ವರ್ಷ ಶೆಫೀಲ್ಡ್‌ನಲ್ಲಿ ಇರಿಸಿ, ಸೋತರೂ ಪರವಾಗಿಲ್ಲ ಆಡು ಅಂತ ಹೇಳುವ ವ್ಯವಸ್ಥೆ ಚೀನಾದವರು ಮಾಡಿಕೊಂಡ ಹಾಗೆ ನಾವು ಮಾಡಿಕೊಳ್ಳಲಿಲ್ಲ. ಇಂಡಿಯನ್ ಓಪನ್ ಕೂಡ ದೆಹಲಿ, ಮುಂಬೈ, ಹೈದರಾಬಾದ್, ವಿಶಾಖಪಟ್ಟಣ, ಕೊಚ್ಚಿ ಅಂತ ಸುತ್ತಿತು. 2019ರ ಕೊಚ್ಚಿ ನಂತರ ನಿಂತುಹೋಯಿತು. ಬೆಂಗಳೂರಿಗೆ ಒಂದು ಸಲವೂ ಬರಲಿಲ್ಲ.

ಸೀನಣ್ಣ_ಹಾಸನ

ಕೊಚ್ಚಿವರೆಗೆ ಬಂದದ್ದು ಬೆಂಗಳೂರಿಗೆ ಬರಲಿಲ್ಲ ಅನ್ನುವುದು ನನಗೂ ಹೊಟ್ಟೆ ಉರಿಯುವ ವಿಷಯ.

ಮೂಲ ಪ್ರಶ್ನೆಗೆ ಬಂದರೆ, ನಾನು ಇನ್ನೂ ಸೆಲ್ಬಿ ಪಕ್ಷವೇ. ಕಪ್ಪುಚೆಂಡು ಅವರ ವಾದದಲ್ಲಿ ಬಲ ಇದೆ, ಅದರಲ್ಲೂ ಆರು ಫೈನಲ್‌ನಲ್ಲಿ ಐದು ಅನ್ನುವುದು ಸಣ್ಣ ಮಾತಲ್ಲ. ಆದರೆ ಆಟಗಾರರನ್ನೇ ಕೇಳಿ, ಆ ಐದು ಬೇಕಾ ಅಥವಾ ಕ್ರೂಸಿಬಲ್‌ನ ಆ ಒಂದು ಬೇಕಾ ಅಂತ. ನೂರಕ್ಕೆ ತೊಂಬತ್ತು ಜನ ಆ ಒಂದನ್ನೇ ಕೇಳುತ್ತಾರೆ.

ಕಪ್ಪುಚೆಂಡು

ಕೇಳಲಿ ಸೀನಣ್ಣ. ಅವರಿಗೆ ಬೇಕಾದದ್ದು ಕಿರೀಟ. ನಾವು ಕೇಳುತ್ತಿರುವುದು ಆ ಸೀಸನ್‌ನಲ್ಲಿ ಯಾರು ಚೆನ್ನಾಗಿ ಆಡಿದರು ಅಂತ. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ನಾಲ್ಕು ದೇಶಗಳಲ್ಲಿ ಡಿಂಗ್ ಆಡಿದ ಫೈನಲ್‌ಗಳನ್ನು ಸಾಲಾಗಿ ಕೂತು ನೋಡಿ. ಶುರು ಮಾಡುವುದಾದರೆ ಚೆಂಗ್ಡುವಿನ 10-9ರಿಂದ ಮಾಡಿ, ರಶ್ಮಿ ಅವರೂ ಅದನ್ನೇ ಮೊದಲು ನೋಡಲಿ. ನೋಡಿ ಬಂದು ಇಲ್ಲೇ ಬರೆಯಿರಿ, ಫ್ರೇಮ್ ಫ್ರೇಮ್ ಮಾತಾಡೋಣ.